ಹೆಂಡತಿಯನ್ನು ನೋಡಲು ಹೋಗುವುದೂ ಅನುಮಾನದ ವಿಷಯವೇ?

ವೀಸಾ ಕಿಟಕಿಯ ಮುಂದೆ ನಾನು ನಿಂತಿದ್ದು ಹೆಚ್ಚೆಂದರೆ ಮೂರು ನಿಮಿಷ. ರಾತ್ರಿ ಬಸ್ಸಲ್ಲಿ ಹೋಗಿ, ಲಾಡ್ಜಲ್ಲಿ ಮುಖ ತೊಳೆದು, ಮದುವೆ ಫೋಟೊ, ಸಂಬಳದ ಚೀಟಿ, ಮೈಸೂರಿನ ಮನೆಯ ಖಾತೆ ಪತ್ರ ಎಲ್ಲವನ್ನೂ ಫೈಲಿಗೆ ಜೋಡಿಸಿಕೊಂಡು ಹೋಗಿದ್ದೆ. ಆ ಫೈಲನ್ನು ಯಾರೂ ತೆರೆಯಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ. ಅಮೆರಿಕಕ್ಕೆ ಯಾಕೆ ಹೋಗ್ತಿದ್ದೀರಿ? ಹೆಂಡತಿಯನ್ನು ನೋಡೋಕೆ. ಅವರಿಗೆ ಅಲ್ಲಿ ಯಾವ ಸ್ಟೇಟಸ್ ಇದೆ? ಗ್ರೀನ್ ಕಾರ್ಡ್. ಅಷ್ಟೇ. ಪಾಸ್‌ಪೋರ್ಟ್ ಜೊತೆ ಒಂದು ಮುದ್ರಿತ ಹಾಳೆ ವಾಪಸ್ ಬಂತು. ಅದರಲ್ಲಿದ್ದದ್ದು 214(ಬಿ) ಎಂಬ ಕಲಂ.

ಈ ಕಲಂ 1952ರ ಅಮೆರಿಕದ ವಲಸೆ ಕಾಯ್ದೆಯದ್ದು. ಅದು ಹೇಳೋದು ಸರಳ: ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ ಅಲ್ಲೇ ಉಳಿಯಲು ಬಂದವರು ಎಂದೇ ಭಾವಿಸಬೇಕು, ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಅರ್ಜಿದಾರರದ್ದು. ತಿರಸ್ಕಾರವಾದರೆ ಮೇಲ್ಮನವಿ ಇಲ್ಲ. 185 ಡಾಲರ್ ಶುಲ್ಕವೂ ವಾಪಸ್ ಬರಲ್ಲ. ಬೇಕಾದರೆ ಮತ್ತೆ ದುಡ್ಡು ಕಟ್ಟಿ ಮತ್ತೆ ಅದೇ ಸಾಲಲ್ಲಿ ನಿಲ್ಲಬಹುದು.

ನನ್ನ ವಿಷಯದಲ್ಲಿ ಸಾಬೀತು ಮಾಡೋದಾದರೂ ಏನನ್ನು? ಹೆಂಡತಿ ನನಗಾಗಿ ವಲಸೆ ಅರ್ಜಿ ಹಾಕಿದ್ದಾಳೆ. ನಿಮ್ಮ ಹೆಸರಲ್ಲಿ ಯಾರಾದರೂ ಅಂಥ ಅರ್ಜಿ ಹಾಕಿದ್ದಾರಾ ಅಂತ ಪ್ರವಾಸಿ ವೀಸಾ ಫಾರಂನಲ್ಲೇ ಕೇಳ್ತಾರೆ. 'ಇಲ್ಲ ಅಂತ ಹಾಕಿಬಿಡು ಮಾರಾಯ' ಅಂದ ಗೆಳೆಯರೂ ಇದ್ದಾರೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೀವಮಾನದ ನಿಷೇಧ ಬೀಳಬಹುದು. ನಿಜ ಹೇಳಿದರೆ ಆ ನಿಜವೇ ನನ್ನ ವಿರುದ್ಧದ ಸಾಕ್ಷಿ. ಅಂದರೆ, ನಿಯಮದ ಪ್ರಕಾರ ಸಾಲಲ್ಲಿ ನಿಂತಿದ್ದೇ ಅನುಮಾನಕ್ಕೆ ಕಾರಣವಾಯ್ತು.

ನಾವು ಈ ಸಾಲಿಗೆ ಬಂದ ಬಗೆ ಹೇಳಬೇಕು. ಅವಳ ಅಪ್ಪನಿಗೆ ಅಮೆರಿಕದಲ್ಲಿದ್ದ ಅಕ್ಕ ಹಾಕಿದ್ದ ಅರ್ಜಿ ಹದಿನೈದು ವರ್ಷದ ಮೇಲೆ ಫಲ ಕೊಟ್ಟಿತು. ಅವಿವಾಹಿತ ಮಗಳು ಅನ್ನೋ ಕಾರಣಕ್ಕೆ ಅವಳಿಗೂ 2022ರ ಕೊನೆಗೆ ಕಾರ್ಡ್ ಸಿಕ್ಕಿತು. ನನ್ನನ್ನು ಮೊದಲೇ ಮದುವೆಯಾಗಿದ್ದರೆ ಅದು ಸಿಗುತ್ತಲೇ ಇರಲಿಲ್ಲ. 2025ರ ಜನವರಿಯಲ್ಲಿ ಮೈಸೂರಲ್ಲಿ ಮದುವೆಯಾಯ್ತು, ಮರುವಾರವೇ ಅರ್ಜಿ ಹೋಯ್ತು. ನಾವೀಗ 'ಎಫ್2ಎ' ಎಂಬ ವರ್ಗ. ಗ್ರೀನ್ ಕಾರ್ಡ್ ಇರುವವರ ಸಂಗಾತಿಗಳು ಮತ್ತು ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಇಡೀ ಜಗತ್ತಿಗೆ ಸೇರಿ ಮೀಸಲಿಟ್ಟದ್ದು ಸುಮಾರು 87,900 ವೀಸಾ. ಪೌರರ ಸಂಗಾತಿಗಳಿಗೆ ಇಂಥ ಮಿತಿಯೇ ಇಲ್ಲ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ನಮ್ಮ ವರ್ಗದಲ್ಲೂ ಸಾಲೇ ಇರಲಿಲ್ಲ. ಅದೇ ಏಪ್ರಿಲ್‌ನಲ್ಲಿ ದಿನಾಂಕ ಒಮ್ಮೆಲೇ ಎರಡೂವರೆ ವರ್ಷ ಹಿಂದಕ್ಕೆ ಹೋಯ್ತು. ಮದುವೆಯ ಮುಹೂರ್ತ ನೋಡುವಾಗ ನಾವ್ಯಾರೂ ಆ ಪಂಚಾಂಗ ನೋಡಿರಲಿಲ್ಲ.

ಹಾಗಾದರೆ ಅವಳೇ ಬಂದು ಇಲ್ಲಿರಬಹುದಲ್ಲ ಅಂತ ಕೇಳ್ತೀರಿ. ನಮ್ಮಮ್ಮನೂ ಕೇಳ್ತಾರೆ. ಅವಳಿಗೆ ಪೌರತ್ವ ಸಿಕ್ಕರೆ ನಾನು ಈ ಸಾಲಿನಿಂದ ಹೊರಬೀಳುತ್ತೇನೆ. ಅದಕ್ಕೆ ಕಾರ್ಡ್ ಸಿಕ್ಕ ಮೇಲೆ ಐದು ವರ್ಷ ಅಲ್ಲಿ ವಾಸವಿರಬೇಕು. ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಆ ಲೆಕ್ಕವೇ ಮುರಿದುಬೀಳುವ ಅಪಾಯ. ಜೊತೆಗೆ, ನನ್ನನ್ನು ಕರೆಸಿಕೊಳ್ಳಲು ಇಷ್ಟು ಆದಾಯ ಇದೆ ಅಂತ ಅವಳು ತೋರಿಸಬೇಕು, ಅಂದರೆ ಕೆಲಸ ಬಿಡುವಂತಿಲ್ಲ. ಬೇಗ ಒಟ್ಟಿಗಿರಬೇಕೆಂದರೆ ಈಗ ದೂರವೇ ಇರಬೇಕು. ಮದುವೆಯಾಗಿ ಹದಿನೈದು ತಿಂಗಳಲ್ಲಿ ನಾವು ಜೊತೆಗಿದ್ದದ್ದು 52 ದಿನ. ಅದರಲ್ಲಿ ಒಂಬತ್ತು ದಿನ ಕೌಲಾಲಂಪುರದಲ್ಲಿ.

ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ. ಯಾರಿಗೂ ನಾವು ಗಂಡ-ಹೆಂಡತಿ ಅಂತ ಸಾಬೀತು ಮಾಡಬೇಕಿರಲಿಲ್ಲ. ಬಾಡಿಗೆ ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾಡಿದೆವು. ಒಗ್ಗರಣೆ ಸೀದಿದ್ದಕ್ಕೆ ಜಗಳವೂ ಆಯ್ತು. ನಂಬಿ, ಆ ಜಗಳ ನನಗೆ ಖುಷಿ ಕೊಟ್ಟಿತು. ವಿಡಿಯೊ ಕಾಲಲ್ಲಿ ನಾವು ಜಗಳ ಆಡಲ್ಲ. ಸಮಯ ಹಾಳಾಗುತ್ತೆ ಅಂತ ಇಬ್ಬರೂ ಒಳ್ಳೆಯವರಾಗಿಯೇ ಇರ್ತೀವಿ. ಒಂಬತ್ತನೇ ದಿನ ಒಂದೇ ವಿಮಾನ ನಿಲ್ದಾಣದ ಎರಡು ಗೇಟುಗಳಿಗೆ ಹೋದೆವು.

ಇಷ್ಟು ಓದಿದವರು 'ಅಧಿಕಾರಿಯ ಭಯವೂ ನಿಜವಲ್ಲವೇ?' ಎನ್ನಬಹುದು. ಸ್ವಲ್ಪ ನಿಜ. ವೀಸಾ ಮುಗಿದ ಮೇಲೂ ಅಲ್ಲೇ ಉಳಿದವರಿಗೆ, ಸಂಗಾತಿ ಪೌರರಾದ ಮೇಲೆ, ಅಲ್ಲಿಂದಲೇ ಕಾರ್ಡ್ ಪಡೆಯುವ ದಾರಿ ಕಾನೂನಲ್ಲೇ ಇದೆ. ಆದರೆ ಇನ್ನೊಂದು ಮಗ್ಗುಲೂ ಇದೆ. 1996ರ ಕಾನೂನಿನ ಪ್ರಕಾರ, 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿದ್ದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ದಾಟಿದರೆ ಹತ್ತು ವರ್ಷ ಬಾಗಿಲು ಬಂದ್. ನ್ಯಾಯವಾದ ಸಾಲಲ್ಲಿ ಜಾಗ ಇರುವವನೇ ಆ ಜಾಗ ಕಳೆದುಕೊಳ್ಳಲು ಹೆಚ್ಚು ಹೆದರುತ್ತಾನೆ. ಇದನ್ನೆಲ್ಲ ತೂಗಿ ನೋಡಲು ಮೂರು ನಿಮಿಷ ಸಾಕೇ ಅನ್ನೋದು ನನ್ನ ಪ್ರಶ್ನೆ.

ಬೇರೆ ದಾರಿಗಳಿಲ್ಲ ಅಂತಲ್ಲ. ಕೆನಡಾದ ವಲಸೆ ಕಾಯ್ದೆಯ 22(2)ನೇ ಕಲಂ, ಮುಂದೆ ಕಾಯಂ ಆಗಿ ನೆಲೆಸುವ ಉದ್ದೇಶ ಇದೆ ಅನ್ನೋದಷ್ಟೇ ತಾತ್ಕಾಲಿಕ ಭೇಟಿಗೆ ಅಡ್ಡಿಯಲ್ಲ ಎನ್ನುತ್ತದೆ. 2023ರ ಮೇನಲ್ಲಿ ಆ ದೇಶ, ಅರ್ಜಿ ಬಾಕಿ ಇರುವ ಸಂಗಾತಿಗಳ ಭೇಟಿ ವೀಸಾವನ್ನು 30 ದಿನದಲ್ಲಿ ಇತ್ಯರ್ಥ ಮಾಡುವ ಗುರಿ ಘೋಷಿಸಿತು. ಅಮೆರಿಕಕ್ಕೂ ಇದು ಹೊಸದಲ್ಲ. ಎಚ್-1ಬಿ ನೌಕರರಿಗೆ 214(ಬಿ)ಯ ಈ ಅನುಮಾನ ಅನ್ವಯಿಸುವುದೇ ಇಲ್ಲ. ಕಂಪನಿಗೆ ಬೇಕಾದವನು ಎರಡೂ ಉದ್ದೇಶ ಇಟ್ಟುಕೊಳ್ಳಬಹುದು, ಹೆಂಡತಿಗೆ ಬೇಕಾದವನು ಇಟ್ಟುಕೊಳ್ಳುವಂತಿಲ್ಲ! 2000ದಲ್ಲಿ ಅಲ್ಲಿನ ಸಂಸತ್ತು ನಮ್ಮಂಥವರಿಗಾಗಿಯೇ 'ವಿ' ವೀಸಾ ತಂದಿತ್ತು. ಮೂರು ವರ್ಷ ಕಾದ ಸಂಗಾತಿಗಳು ಅಲ್ಲೇ ಹೋಗಿ, ಕೆಲಸ ಮಾಡುತ್ತಾ ಕಾಯಬಹುದಿತ್ತು. ಆದರೆ 2000ದ ಡಿಸೆಂಬರ್ 21ರೊಳಗೆ ಹಾಕಿದ ಅರ್ಜಿಗಳಿಗೆ ಮಾತ್ರ. ಕಾನೂನಿಗೆ ತಿದ್ದುಪಡಿ ತಂದು ಆ ದಿನಾಂಕವನ್ನು ಮುಂದಕ್ಕೆ ತಳ್ಳಿದರೆ ಸಾಕು. ರಾಜಕೀಯ ಇಚ್ಛೆ ಇಲ್ಲ, ಅಷ್ಟೇ.

ನ್ಯಾಯಾಲಯದ ಬಾಗಿಲೂ ಕಿರಿದಾಗಿದೆ. ಅಮೆರಿಕದ ಪೌರಳಾದ ಸಾಂಡ್ರಾ ಮುನ್ಯೋಸ್ ಅವರ ಎಲ್ ಸಾಲ್ವಡೋರ್ ಮೂಲದ ಗಂಡನಿಗೆ ವೀಸಾ ನಿರಾಕರಿಸಿದ ಪ್ರಕರಣದಲ್ಲಿ, 2024ರ ಜೂನ್ 21ರಂದು ಅಲ್ಲಿನ ಸುಪ್ರೀಂ ಕೋರ್ಟ್ 6-3ರಿಂದ ಸರ್ಕಾರದ ಪರ ನಿಂತಿತು. ವಿದೇಶಿ ಸಂಗಾತಿಗೆ ದೇಶದೊಳಗೆ ಪ್ರವೇಶ ಸಿಗಬೇಕೆಂಬುದು ಪೌರರ ಮೂಲಭೂತ ಹಕ್ಕಲ್ಲ ಎಂಬುದು ಬಹುಮತದ ನಿಲುವು. ಮದುವೆ ಹಕ್ಕು, ಒಟ್ಟಿಗೆ ಬದುಕೋದು ಕೃಪೆ ಅಂದಂತಾಯ್ತು.

ಆದರೆ ಇದನ್ನು ಬರೆಯುವಾಗ ನನಗೆ ಸ್ವಲ್ಪ ಮುಜುಗರವೂ ಇದೆ. ಕೌಲಾಲಂಪುರಕ್ಕೆ ಟಿಕೆಟ್ ತೆಗೆಯುವ ಶಕ್ತಿ ನನಗಿತ್ತು. ಭಟ್ಕಳ, ಕುಂದಾಪುರದ ಎಷ್ಟೋ ಮನೆಗಳಲ್ಲಿ ಗಂಡ ಗಲ್ಫಿನಲ್ಲಿ, ಹೆಂಡತಿ ಊರಲ್ಲಿ. ಯುಎಇಯಲ್ಲಿ ಸಂಸಾರ ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ, ಅಥವಾ ವಸತಿ ಜೊತೆ 3,000 ದಿರ್ಹಂ ಸಂಬಳ ಬೇಕು. ಅದಕ್ಕಿಂತ ಕಡಿಮೆ ದುಡಿಯುವವನಿಗೆ ಸಾಲೂ ಇಲ್ಲ, ಕಿಟಕಿಯೂ ಇಲ್ಲ. ನನ್ನದು ಕಾಯುವ ಕಷ್ಟ, ಅವರದು ಕಾಯಲೂ ಅರ್ಹತೆ ಇಲ್ಲದ ಕಷ್ಟ. ಅದನ್ನು ನಾವು 'ಫಾರಿನ್ ದುಡ್ಡು' ಅಂತ ಕರೆದು ಸುಮ್ಮನಾಗಿದ್ದೇವೆ.

ಇನ್ನು, ನಮ್ಮ ದೇಶದ ಕೈಯೂ ಶುದ್ಧವಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಗಳ ವೀಸಾ ರದ್ದಾದಾಗ ಅಟ್ಟಾರಿ ಗಡಿಯಲ್ಲಿ ಪಾಸ್‌ಪೋರ್ಟಿನ ಬಣ್ಣದ ಮೇಲೆ ಅಮ್ಮ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಆದರು. ದಾಳಿ ಮಾಡಿದವರು ಅವರಲ್ಲ. ಆಗ ಟಿವಿ ನೋಡ್ತಾ ಚಪ್ಪಾಳೆ ತಟ್ಟಿದವರಲ್ಲಿ ನನ್ನ ಬಂಧುಗಳೂ ಇದ್ದರು. ಈಗ ನನ್ನ ವೀಸಾ ವಿಷಯಕ್ಕೆ ಅವರಿಗೆ ಅಮೆರಿಕದ ಮೇಲೆ ಸಿಟ್ಟು. ಸಂಸಾರ ಒಡೆಯೋದು ತಪ್ಪು ಅನ್ನೋದಾದರೆ ಎಲ್ಲ ಗಡಿಯಲ್ಲೂ ತಪ್ಪು.

ನಾನು ಕೇಳ್ತಿರೋದು ಪೌರತ್ವ ಅಲ್ಲ, ಕೆಲಸವೂ ಅಲ್ಲ. ಸಾಲಲ್ಲಿರುವ ಸಂಗಾತಿಗೆ ಬಂದು ಹೋಗುವ ಅವಕಾಶ. ಕೊಡದಿದ್ದರೆ ನಿರ್ದಿಷ್ಟ ಕಾರಣ ಮತ್ತು ಅದನ್ನು ಪ್ರಶ್ನಿಸಲು ಒಂದು ಜಾಗ. 2027ರ ಕೊನೆಗೆ ಅವಳಿಗೆ ಐದು ವರ್ಷ ತುಂಬುತ್ತೆ. ಅಷ್ಟರಲ್ಲಿ ಮತ್ತೊಮ್ಮೆ 185 ಡಾಲರ್ ಕಟ್ಟಿ ಆ ಕಿಟಕಿಗೆ ಹೋಗ್ತೀನಿ. ಯಾಕೆ ಹೋಗ್ತಿದ್ದೀರಿ ಅಂದರೆ ಉತ್ತರ ಬದಲಾಗಲ್ಲ. ಹೆಂಡತಿಯನ್ನು ನೋಡೋಕೆ.