ಬಣ್ಣದ ಚಿತ್ರಕ್ಕಿಂತ ಮೊದಲು ಮೊತ್ತ ನೋಡಿ

ಪಾಲಿಟೆಕ್ನಿಕ್ ಸೇರಿದ ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಶಾಲೆಗೆ ಬಂದಿದ್ದಳು. "ಟೀಚರೇ, ಸಿವಿಲ್ ಲ್ಯಾಬಿನ ಸಾಫ್ಟ್‌ವೇರ್ ಪೂರಾ ಇಂಗ್ಲಿಷ್. ಉಳಿದವರು ಬಣ್ಣಬಣ್ಣದ ಚಿತ್ರ ತೆಗೀತಾರೆ, ನನಗೆ ಮುಟ್ಟಲಿಕ್ಕೇ ಹೆದರಿಕೆ" ಅಂದಳು. ನಾಳೆ ಆ ದಾರಿ ಹಿಡಿಯುವವರು ನಿಮ್ಮಲ್ಲೂ ಇದ್ದೀರಿ. ಅದಕ್ಕೇ ನಿಮಗೂ ಹೇಳ್ತೇನೆ.

ಸ್ಟಾಡ್, ಇಟ್ಯಾಬ್ಸ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ತೊಲೆ, ಕಂಬ ಎಳೆದು ಭಾರ ಕೊಟ್ಟರೆ ಎಷ್ಟು ಬಾಗುತ್ತದೆ, ಎಷ್ಟು ಕಬ್ಬಿಣ ಬೇಕು ಎಂಬುದೆಲ್ಲ ಬರುತ್ತದೆ. ಅವುಗಳಲ್ಲಿರುವ ಸೌಲಭ್ಯಗಳಲ್ಲಿ ಅತಿ ಉಪಯುಕ್ತವಾದದ್ದು, ನನ್ನ ಪ್ರಕಾರ, ಆಧಾರಗಳ ಪ್ರತಿಕ್ರಿಯಾ ಬಲಗಳ ಪಟ್ಟಿ. ನೋಡಲಿಕ್ಕೆ ಬರೀ ಅಂಕಿಗಳು, ಬಣ್ಣ ಇಲ್ಲ.

4 ಮೀಟರ್ ಉದ್ದದ ಕಾಂಕ್ರೀಟ್ ತೊಲೆಯ ಮೇಲೆ ಮೀಟರಿಗೆ 10 ಕಿಲೋನ್ಯೂಟನ್ ಭಾರ ಇಟ್ಟಿದ್ದೀರಿ. ಒಟ್ಟು 40. ಎರಡು ತುದಿಯ ಆಧಾರಗಳು ತಲಾ 20 ಹೊರಬೇಕು, ಅಲ್ವಾ? ಪಟ್ಟಿಯಲ್ಲಿ 22.5 ಉಂಟು. ಹೆಚ್ಚಿನ 5 ಎಲ್ಲಿಂದ ಬಂತು? ತೊಲೆಯ ಸ್ವಂತ ತೂಕದಿಂದ. ಅಗಲ 0.20 ಮೀಟರ್, ಎತ್ತರ 0.25 ಮೀಟರ್, ಘನ ಮೀಟರ್ ಕಾಂಕ್ರೀಟಿಗೆ 25 ಕಿಲೋನ್ಯೂಟನ್. ಗುಣಿಸಿ ನೋಡಿ. ಅದೇ ಪಟ್ಟಿ 200 ತೋರಿಸಿದರೆ ಎಲ್ಲೋ ಒಂದು ಸೊನ್ನೆ ಹೆಚ್ಚಾಗಿದೆ. ಇದಕ್ಕೆ ಬೇಕಾದದ್ದು ನೀವು ಕನ್ನಡದಲ್ಲೇ ಕಲಿತ ನ್ಯೂಟನ್ ನಿಯಮ.

ಈ ಪಟ್ಟಿಯೂ ಎಲ್ಲ ತಪ್ಪನ್ನು ಹಿಡಿಯುವುದಿಲ್ಲ. ನಾರ್ವೆಯಲ್ಲಿ ಸ್ಲೈಪ್ನರ್ ಎ ಎಂಬ ಸಮುದ್ರದ ತೈಲ-ಅನಿಲ ವೇದಿಕೆಗೆ ಭಾರೀ ಕಾಂಕ್ರೀಟ್ ಬುಡ ಕಟ್ಟಿದ್ದರು. 1991ರ ಆಗಸ್ಟ್ 23ರಂದು ಅದನ್ನು ನೀರಿನಲ್ಲಿ ಇಳಿಸಿ ಪರೀಕ್ಷಿಸುವಾಗ ಗೋಡೆ ಒಡೆದು ಪೂರಾ ಮುಳುಗಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಕಂಪ್ಯೂಟರ್ ಲೆಕ್ಕಕ್ಕಾಗಿ ಗೋಡೆಯನ್ನು ಸಣ್ಣ ತುಂಡುಗಳಾಗಿ ವಿಂಗಡಿಸುತ್ತಾರೆ. ಅಲ್ಲಿ ಗೋಡೆಗಳು ಕೂಡುವ ಮೂಲೆಯಲ್ಲಿ ತುಂಡುಗಳು ದೊಡ್ಡದಾಗಿಯೂ ಓರೆಯಾಗಿಯೂ ಇದ್ದವು. ಹಾಗಾಗಿ ಕತ್ತರಿಸುವ ಬಲ ಶೇ. 47ರಷ್ಟು ಕಡಿಮೆ ಬಂತು. ಆಮೇಲೆ ಸೂಕ್ಷ್ಮವಾಗಿ ಲೆಕ್ಕ ಮಾಡಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಬಂತು. ನಿಜಕ್ಕೂ ಒಡೆದದ್ದು ಸುಮಾರು 65 ಮೀಟರಿನಲ್ಲಿ! ಅಂದರೆ ಲೆಕ್ಕದ ವಿಧಾನ ಕೆಟ್ಟದ್ದಲ್ಲ, ತುಂಡು ಸಣ್ಣದು ಮಾಡಿ ಇನ್ನೊಮ್ಮೆ ನೋಡಬೇಕಿತ್ತು. ಆ ಸೌಲಭ್ಯವೂ ಇಂಥ ಸಾಫ್ಟ್‌ವೇರ್‌ಗಳಲ್ಲಿ ಉಂಟು, ಆದರೆ ಅನುಮಾನ ಬರಬೇಕಾದದ್ದು ನಮಗೆ.

ಆ ಹುಡುಗಿಗೆ ಚಾಕ್ ಕೊಟ್ಟೆ. ತೊಲೆಯ ಲೆಕ್ಕ ಎರಡೇ ನಿಮಿಷದಲ್ಲಿ ಮುಗಿಸಿದಳು. "ಇಷ್ಟೇಯಾ ಟೀಚರೇ?" ಅಂತ ಕೇಳಿದಳು. ಸಾಫ್ಟ್‌ವೇರ್ ತೆರೆಯುವ ಮೊದಲು ಇಷ್ಟು ಮಾಡು, ಆಮೇಲೆ ಬೇಕಾದರೆ ಬಣ್ಣ ನೋಡು ಅಂದೆ.