73 ಗಜ ದೂರ ನಿಂತವಳು ಯಾರು?

ಈ ಅಂಕಣಕ್ಕೆ ಬರೋ ಮೆಸೇಜ್‌ಗಳಲ್ಲಿ ಕೆಲವು ದಿನಗಳಿಂದ ಒಂದೇ ಪ್ರಶ್ನೆ ಸುತ್ತುತ್ತಿದೆ. "ಡಾಕ್ಟರ್ ಹೂ ಸೀರೀಸ್‌ನ ಆ ಮುದುಕಿ ಎಪಿಸೋಡ್ ನೋಡಿದೆ. ಭಯ ಆಯ್ತು, ಆದ್ರೆ ಅರ್ಥ ಆಗ್ಲಿಲ್ಲ. ಅವಳು ಎಲ್ಲರಿಗೂ ಏನು ಹೇಳ್ತಾಳೆ?" ಶಿರಾದಿಂದ ಬೆಂಗಳೂರಿಗೆ ಓಡಾಡುವ ಓದುಗರೊಬ್ಬರು ಬಸ್ಸಿನಲ್ಲೇ ಎರಡು ಸಲ ನೋಡಿದ್ರಂತೆ. ಎರಡನೇ ಸಲವೂ ತಲೆಗೆ ಹೋಗಲಿಲ್ಲ ಅಂತ ಬರೆದಿದ್ದಾರೆ. ಇವತ್ತು ಅದನ್ನೇ ಬಿಡಿಸಿ ನೋಡೋಣ. ಕಥೆ ಪೂರ್ತಿ ಹೇಳ್ತೀನಿ, ನೋಡದವರು ಮೊದಲು ನೋಡಿಬನ್ನಿ.

ಹೊಸಬರಿಗೆ ಒಂದೆರಡು ಮಾತು. ಡಾಕ್ಟರ್ ಹೂ ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಶುರುವಾದ ಸರಣಿ. ಡಾಕ್ಟರ್ ಅನ್ನೋನು ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂಥ ಯಂತ್ರದಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡ್ತಾನೆ. ಯಂತ್ರದ ಹೆಸರು ಟಾರ್ಡಿಸ್. ನಾವು ಮಾತಾಡ್ತಿರೋದು 2024ರ ಮೇ ತಿಂಗಳಲ್ಲಿ ಬಂದ "73 ಯಾರ್ಡ್ಸ್" ಎಂಬ ಎಪಿಸೋಡ್ ಬಗ್ಗೆ. ಬರೆದವರು ರಸೆಲ್ ಟಿ ಡೇವಿಸ್. ಡಾಕ್ಟರ್ ಆಗಿ ಶೂಟಿ ಗಟ್ವಾ, ಜೊತೆಗಾತಿ ರೂಬಿ ಸಂಡೇ ಆಗಿ ಮಿಲ್ಲಿ ಗಿಬ್ಸನ್. ಗಟ್ವಾ ಬೇರೊಂದು ಸರಣಿಯ ಶೂಟಿಂಗ್ ಮುಗಿಸಬೇಕಿದ್ದರಿಂದ ಈ ಎಪಿಸೋಡ್‌ನಲ್ಲಿ ಬಹಳ ಕಡಿಮೆ ಹೊತ್ತು ಇದ್ದಾರೆ. ಹಾಗಾಗಿ ಇಡೀ ಕಥೆ ರೂಬಿಯ ಹೆಗಲ ಮೇಲೆ.

ಕಥೆ ಏನು?

ಟಾರ್ಡಿಸ್ ವೇಲ್ಸ್‌ನ ಸಮುದ್ರತೀರದ ಬೆಟ್ಟದ ಅಂಚಿಗೆ ಬಂದು ನಿಲ್ಲುತ್ತೆ. ಹುಲ್ಲಿನ ಮೇಲೆ ದಾರ, ಹಕ್ಕಿಯ ತಲೆಬುರುಡೆ, ಸುರುಳಿ ಸುತ್ತಿದ ಚೀಟಿಗಳನ್ನ ಇಟ್ಟು ಯಾರೋ ಒಂದು ವೃತ್ತ ಮಾಡಿರ್ತಾರೆ. ಡಾಕ್ಟರ್ ಮಾತಾಡ್ತಾ ಮಾತಾಡ್ತಾ ಅದನ್ನ ತುಳಿದುಬಿಡ್ತಾನೆ. ರೂಬಿ ಚೀಟಿ ಬಿಚ್ಚಿ ಓದ್ತಾಳೆ. ತಿರುಗಿ ನೋಡಿದರೆ ಡಾಕ್ಟರ್ ಮಾಯ, ಟಾರ್ಡಿಸ್ ಬಾಗಿಲು ಬೀಗ. ದೂರದಲ್ಲಿ ಒಬ್ಬ ಮುದುಕಿ ನಿಂತು ಕೈಯಲ್ಲಿ ಏನೋ ಸನ್ನೆ ಮಾಡ್ತಿದ್ದಾಳೆ.

ಅಲ್ಲಿಂದ ಮುಂದೆ ಆ ಮುದುಕಿ ರೂಬಿಯನ್ನ ಬಿಡೋದೇ ಇಲ್ಲ. ರೂಬಿ ಹತ್ತಿರ ಹೋದರೆ ಅವಳು ಅಷ್ಟೇ ಹಿಂದಕ್ಕೆ. ರೂಬಿ ದೂರ ಹೋದರೆ ಅವಳು ಅಷ್ಟೇ ಮುಂದಕ್ಕೆ. ಯಾವಾಗಲೂ 73 ಗಜ. ಬೇರೆಯವರು ಮಾತ್ರ ಹತ್ತಿರ ಹೋಗಿ ಮಾತಾಡಿಸಬಹುದು. ಮಾತಾಡಿಸಿದವರು ಬೆಚ್ಚಿಬಿದ್ದು, ಒಮ್ಮೆ ರೂಬಿ ಕಡೆ ನೋಡಿ, ಓಡಿಹೋಗ್ತಾರೆ. ಮತ್ತೆಂದೂ ಅವಳ ಮುಖ ನೋಡೋದಿಲ್ಲ. ಸಾಕಿದ ತಾಯಿ ಕಾರ್ಲಾ ಕೂಡ ಹಾಗೇ ಮಾಡ್ತಾಳೆ, ಮನೆಯ ಬೀಗ ಬದಲಾಯಿಸ್ತಾಳೆ. ವಿಚಿತ್ರಗಳನ್ನೇ ತನಿಖೆ ಮಾಡೋ ಯೂನಿಟ್ ಸಂಸ್ಥೆಯ ಮುಖ್ಯಸ್ಥೆ ಕೇಟ್ ಕೂಡ ಕೈಬಿಡ್ತಾಳೆ. ರೂಬಿ ಹುಟ್ಟಿದ ಕೂಡಲೇ ಚರ್ಚ್ ಬಾಗಿಲಲ್ಲಿ ಬಿಟ್ಟುಹೋದ ಮಗು ಅನ್ನೋದು ನೆನಪಿರಲಿ.

ವರ್ಷಗಳು ಉರುಳ್ತವೆ. ರೂಬಿ ಮುದುಕಿ ಇರೋದಕ್ಕೆ ಒಗ್ಗಿಕೊಳ್ತಾಳೆ. ಮುಂದೊಂದು ದಿನ ಜಗತ್ತನ್ನ ಅಣುಯುದ್ಧದ ಅಂಚಿಗೆ ಒಯ್ಯಬೇಕಿದ್ದ ರೋಜರ್ ಆಪ್ ಗ್ವಿಲಿಯಮ್ ಅನ್ನೋ ರಾಜಕಾರಣಿಯ ಪಕ್ಷ ಸೇರ್ತಾಳೆ. ಸ್ಟೇಡಿಯಂ ಒಂದರಲ್ಲಿ ಅವನಿಂದ ಲೆಕ್ಕ ಹಾಕಿ 73 ಗಜ ದೂರ ಹೋಗಿ ನಿಲ್ತಾಳೆ. ಮುದುಕಿ ಸರಿಯಾಗಿ ಅವನ ಪಕ್ಕಕ್ಕೇ ಬರ್ತಾಳೆ. ಅವಳ ಮಾತು ಕೇಳಿ ಅವನೂ ಓಡ್ತಾನೆ, ರಾಜೀನಾಮೆ ಕೊಡ್ತಾನೆ. ಆದರೂ ಮುದುಕಿ ಹೋಗಲ್ಲ. ರೂಬಿಗೆ ವಯಸ್ಸಾಗುತ್ತೆ, ಆಸ್ಪತ್ರೆಯಲ್ಲಿ ಒಬ್ಬಳೇ ಸಾಯ್ತಾಳೆ. ಆ ರಾತ್ರಿ ಮೊದಲ ಸಲ ಮುದುಕಿ ಹತ್ತಿರ ಬರ್ತಾಳೆ. ಮರುಕ್ಷಣ ರೂಬಿಯೇ ಆ ಬೆಟ್ಟದ ಮೇಲೆ, ಮುದುಕಿಯ ಜಾಗದಲ್ಲಿ ನಿಂತಿರ್ತಾಳೆ. ದೂರದಲ್ಲಿ ಚಿಕ್ಕ ರೂಬಿ ಆಗತಾನೇ ಟಾರ್ಡಿಸ್‌ನಿಂದ ಇಳೀತಿದ್ದಾಳೆ. ಈ ಸಲ ಚಿಕ್ಕವಳು ಮುದುಕಿಯನ್ನ ನೋಡ್ತಾಳೆ, ವೃತ್ತ ತುಳಿಯದಂತೆ ಡಾಕ್ಟರ್‌ನ ತಡೀತಾಳೆ. ಅಲ್ಲಿಗೆ ಕಥೆ ಮುಗೀತು.

73 ಗಜ ಅಂದ್ರೆ ಎಷ್ಟು?

ಮೀಟರ್ ಲೆಕ್ಕದಲ್ಲಿ 66.75. ಕ್ರಿಕೆಟ್ ನೋಡೋರಿಗೆ ಹೀಗೆ ಹೇಳಬಹುದು. ಪಿಚ್ 22 ಗಜ, ಅಂಥ ಮೂರು ಪಿಚ್‌ಗಿಂತ ಸ್ವಲ್ಪ ಜಾಸ್ತಿ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಬೌಂಡರಿ 65ರಿಂದ 90 ಗಜದ ಒಳಗೆ ಇರಬೇಕು. ಅಂದ್ರೆ ಬ್ಯಾಟ್ಸ್‌ಮನ್ ಬೌಂಡರಿ ಗೆರೆಯಲ್ಲಿ ನಿಂತ ಫೀಲ್ಡರ್‌ನ ನೋಡಿದಂಗೆ. ಒಬ್ಬ ಮನುಷ್ಯ ನಿಂತಿದ್ದಾನೆ ಅಂತ ಗೊತ್ತಾಗುತ್ತೆ, ಕೈ ಎತ್ತಿದ್ದು ಕಾಣುತ್ತೆ. ಮುಖದಲ್ಲಿ ನಗುವಿದೆಯೋ ಸಿಟ್ಟಿದೆಯೋ ಗೊತ್ತಾಗಲ್ಲ.

ನಮ್ಮಲ್ಲಿ ದೂರಕ್ಕೆ ಎರಡು ಚಂದದ ಪದಗಳಿವೆ. ಕಣ್ಣಳತೆ, ಕೂಗಳತೆ. ಮುದುಕಿ ರೂಬಿಯ ಕಣ್ಣಳತೆಯಲ್ಲಿದ್ದಾಳೆ. ಜೋರಾಗಿ ಕೂಗಿದರೆ ಕೇಳಿಸೋ ದೂರವೇ ಅದು. ಆದರೂ ಮಾತು ಮಾತ್ರ ತಲುಪಲ್ಲ. ಪಾವಗಡದ ತಿರುಮಣಿ ಕಡೆ ಸುಮಾರು 13,000 ಎಕರೆ ಸೋಲಾರ್ ಪಾರ್ಕ್ ಇದೆಯಲ್ಲ, ಆ ಬಯಲಲ್ಲಿ ಪ್ಯಾನೆಲ್ ಸಾಲಿನ ತುದಿಗೆ ಒಬ್ಬರು ಸುಮ್ಮನೆ ನಿಂತಿದ್ದಾರೆ ಅಂದ್ಕೊಳ್ಳಿ. ಅಥವಾ ಕೊರಟಗೆರೆಯಿಂದ ಮಧುಗಿರಿಗೆ ಬರುವಾಗ ರಸ್ತೆ ಪಕ್ಕದ ಬಂಡೆ ಮೇಲೆ. ಆ ವ್ಯಕ್ತಿ ನಿಮ್ಮನ್ನೇ ನೋಡ್ತಿದ್ದಾರೆ, ಬಸ್ ಎಷ್ಟು ಮುಂದೆ ಹೋದರೂ ಹಿಂದೆ ಉಳೀತಿಲ್ಲ. ಈ ಎಪಿಸೋಡ್‌ನಲ್ಲಿ ರಕ್ತ ಇಲ್ಲ, ಕಿರುಚಾಟ ಇಲ್ಲ. ಭಯ ಹುಟ್ಟಿಸೋದು ಆ ದೂರ ಒಂದೇ.

ತುಳೀಬೇಡ ಕಣಪ್ಪ

ವೇಲ್ಸ್‌ನ ವೃತ್ತ ನಮಗೆ ಹೊಸದೇನೂ ಅಲ್ಲ. ಅಮಾವಾಸ್ಯೆ ಮಾರನೇ ದಿನ ಮೂರು ದಾರಿ ಕೂಡೋ ಕಡೆ ನಿಂಬೆಹಣ್ಣು, ಕುಂಕುಮ, ಒಡೆದ ಕುಂಬಳಕಾಯಿ ಬಿದ್ದಿರುತ್ತೆ. "ತುಳೀಬೇಡ ಕಣಪ್ಪ, ಸುತ್ತಾಕ್ಕೊಂಡು ಬಾ" ಅಂತ ಅಜ್ಜಿಯರು ಹೇಳದ ಊರಿಲ್ಲ. ನಾವು ನಂಬಲ್ಲ ಅಂತೀವಿ, ಆದರೂ ಬೈಕ್ ಸ್ವಲ್ಪ ಪಕ್ಕಕ್ಕೆ ತಗೋತೀವಿ. ಇದನ್ನ ಮೂಢನಂಬಿಕೆ ಅಂತ ಕರೆದು ಮುಗಿಸಬಹುದು. ಇನ್ನೊಂದು ರೀತಿಯಲ್ಲೂ ನೋಡಬಹುದು. ಅದನ್ನ ಅಲ್ಲಿಟ್ಟವರಿಗೆ ಏನೋ ಒಂದು ಸಂಕಟ ಇತ್ತು. ಎಪಿಸೋಡ್‌ನ ಚೀಟಿಗಳಲ್ಲೂ ಇರೋದು ಅಗಲಿದವರಿಗೆ ಬರೆದ ಮಾತು. ಡಾಕ್ಟರ್ ಕೆಟ್ಟವನಲ್ಲ, ಕಾಲಡಿ ನೋಡಲಿಲ್ಲ ಅಷ್ಟೇ. ಬೇರೆಯವರ ದುಃಖವನ್ನ ನೋಡದೆ ತುಳಿದದ್ದಕ್ಕೆ ರೂಬಿ ಒಂದು ಇಡೀ ಆಯುಸ್ಸು ತೆತ್ತಳು. ನನ್ನ ಪ್ರಕಾರ ಕಥೆಯ ಮೊದಲ ಗಂಟು ಬಿಚ್ಚೋದು ಇಲ್ಲಿ.

ಅವಳು ಹೇಳಿದ್ದೇನು?

ಎಪಿಸೋಡ್ ಇದಕ್ಕೆ ಉತ್ತರ ಕೊಡೋದೇ ಇಲ್ಲ. ಕೊಟ್ಟಿದ್ದರೆ ಕಥೆ ಅಲ್ಲೇ ಸತ್ತುಹೋಗ್ತಿತ್ತು. ಯಾಕೆ ಅಂದ್ರೆ ಊರಲ್ಲಿ ಬೆಳೆದವರಿಗೆ ಈ ಅನುಭವ ಹೊಸದಲ್ಲ. ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ತಿಂದು, ನಗ್ತಾ ಮಾತಾಡಿ ಹೋಗ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರ ಯಾರನ್ನೋ ವಿಚಾರಿಸ್ತಾರೆ. ಆಮೇಲೆ ಫೋನೇ ಇಲ್ಲ. ಆಫೀಸಲ್ಲಿ ನಿನ್ನೆವರೆಗೂ ಜೊತೇಲಿ ಟೀ ಕುಡೀತಿದ್ದವರು ಇವತ್ತು ಬೇರೆ ಟೇಬಲ್. ಯಾರು ಏನು ಹೇಳಿದ್ರು? ಗೊತ್ತಾಗಲ್ಲ. ಕೇಳಿದರೂ ಹೇಳಲ್ಲ. ಮಾತು ಏನು ಅನ್ನೋದಕ್ಕಿಂತ, ಅದನ್ನ ಕೇಳಿದವರು ನಮ್ಮನ್ನ ಒಂದು ಮಾತೂ ಕೇಳದೆ ಎದ್ದುಹೋದರಲ್ಲ, ನೋವು ಅಲ್ಲಿರುತ್ತೆ.

ಗಮನಿಸಿ, ಓಡಿಹೋದ ಯಾರೂ ರೂಬಿ ಹತ್ತಿರ ಬಂದು "ಹೀಗಂತೆ, ನಿಜವಾ?" ಅಂತ ಕೇಳಲ್ಲ. ಹೆತ್ತವಳಿಗೇ ನೀನು ಬೇಡವಾಗಿದ್ದೆ ಅನ್ನೋ ಅರ್ಥದ ಮಾತನ್ನ ಕಾರ್ಲಾ ಆಡ್ತಾಳೆ. ನನಗೆ ಮುದುಕಿಗಿಂತ ಹೆಚ್ಚು ಭಯ ಆಗಿದ್ದು ಆ ಕ್ಷಣದಲ್ಲಿ.

ನಾಳೆ ಬಾ

ಇಂಥದ್ದೇ ಒಂದು ಕಥೆ ನಮ್ಮಲ್ಲೂ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಿಂದ ಹಿಡಿದು ಹಳ್ಳಿಗಳವರೆಗೆ ಬಾಗಿಲ ಮೇಲೆ ಸೀಮೆಸುಣ್ಣ, ಇದ್ದಿಲಲ್ಲಿ "ನಾಳೆ ಬಾ" ಅಂತ ಬರೆದಿದ್ದು ನಿಮ್ಮ ಅಪ್ಪ ಅಮ್ಮನಿಗೆ ನೆನಪಿರುತ್ತೆ. ರಾತ್ರಿ ಒಬ್ಬ ಹೆಣ್ಣುದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದವರು ಉಳಿಯಲ್ಲ ಅಂತ ಸುದ್ದಿ. ಬರಹ ಓದಿದ ದೆವ್ವ ವಾಪಸ್ ಹೋಗುತ್ತೆ, ಮಾರನೇ ರಾತ್ರಿ ಬಂದರೆ ಮತ್ತೆ "ನಾಳೆ ಬಾ". 2018ರ ಹಿಂದಿ ಸಿನಿಮಾ "ಸ್ತ್ರೀ"ಯಲ್ಲಿ ಗೋಡೆ ಮೇಲೆ ಬರೆಯೋದೂ ಇದೇ ಉಪಾಯ.

ಯೋಚಿಸಿ ನೋಡಿದರೆ ಇದೂ ಒಂದು ಟೈಮ್ ಟ್ರಾವೆಲ್ ಕಥೆಯೇ. ಮುದುಕಿ ಯಾವಾಗಲೂ 73 ಗಜ ದೂರ, ನಾಳೆ ಯಾವಾಗಲೂ ಒಂದು ದಿನ ದೂರ. ಎಷ್ಟು ನಡೆದರೂ ಎರಡೂ ಕೈಗೆ ಸಿಗಲ್ಲ. ಎರಡರಲ್ಲೂ ಹೊರಗೆ ನಿಂತಿರೋದು ಒಬ್ಬ ಹೆಣ್ಣು. ಎರಡರಲ್ಲೂ "ನಿನಗೇನು ಬೇಕಮ್ಮ?" ಅಂತ ಯಾರೂ ಕೇಳಲಿಲ್ಲ. ರೂಬಿಯ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಎಲ್ಲರೂ ಬಿಟ್ಟುಹೋದ ಹುಡುಗಿ, ಎಲ್ಲರನ್ನೂ ಹೆದರಿಸಿದ ಮುದುಕಿ, ಇಬ್ಬರೂ ಒಬ್ಬಳೇ ಅಂತ ತೋರಿಸುತ್ತೆ. ದೂರ ಇಡಿಸಿಕೊಂಡವಳೇ ಕೊನೆಗೆ ದೂರ ನಿಂತ ದೆವ್ವ ಆಗ್ತಾಳೆ.

ನಮ್ಮ ಜಿಲ್ಲೆಯಲ್ಲಿ ದೂರ ನಿಂತವರು

ಈ ಸಾಲು ಬರೀತಿದ್ದಾಗ "ದೂರ" ಅನ್ನೋ ಪದವೇ ನನ್ನನ್ನ ಹಿಡಿದು ನಿಲ್ಲಿಸಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮುಟ್ಟಾದವಳನ್ನ "ದೂರ ಆಗಿದ್ದಾಳೆ", "ಹೊರಗಾಗಿದ್ದಾಳೆ" ಅಂತಲೇ ಹೇಳೋದು. ಬೇರೆ ಚಾಪೆ, ಬೇರೆ ತಟ್ಟೆ. ಟೌನಿನ ಮನೆಗಳಲ್ಲಿ ಅದು ಒಂದು ಮೂಲೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಅದು ಊರಾಚೆಯ ಗುಡಿಸಲು. ಸೂತಕ ಅಂತ ಹೇಳಿ ಮುಟ್ಟಾದವರನ್ನ, ಹಸಿ ಬಾಣಂತಿಯನ್ನ, ಕೂಸಿನ ಸಮೇತ ಅಲ್ಲಿ ಇರಿಸೋ ಪದ್ಧತಿ. ಊರಿಗೆ ಕಾಣಿಸೋ ದೂರವೇ, ಕೂಗಿದರೆ ಕೇಳಿಸೋ ದೂರವೇ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯ ನಡುವೆ ಹೀಗೆ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಿತು. ಆ ಸುದ್ದಿ ನಿಮ್ಮ ಫೋನಿಗೂ ಬಂದಿರುತ್ತೆ, ಒಂದು ವಾರ ಓಡಾಡಿ ಮರೆಯಾಗಿರುತ್ತೆ.

ಒಂದು ಸಮುದಾಯವನ್ನ ಬೊಟ್ಟು ಮಾಡಿ ತೋರಿಸೋಕೆ ಇದನ್ನ ಹೇಳ್ತಿಲ್ಲ. ಹಟ್ಟಿಯ ಓದಿದ ಹುಡುಗ ಹುಡುಗಿಯರೇ ಇದು ಸಾಕು ಅಂತ ಹೇಳ್ತಿದ್ದಾರೆ. ಚಾಪೆ ಬೇರೆ ಹಾಕೋ ಟೌನ್ ಮನೆಯವರಿಗೆ ಅವರ ಕಡೆ ಬೆರಳು ತೋರಿಸೋ ಹಕ್ಕೂ ಇಲ್ಲ. ಕಾನೂನು ಮಾತ್ರ ಸ್ಪಷ್ಟವಾಗಿದೆ. 2017ರಲ್ಲಿ ವಿಧಾನಮಂಡಲ ಒಪ್ಪಿ, 2020ರ ಜನವರಿಯಿಂದ ಜಾರಿಯಾದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಮುಟ್ಟಾದ, ಬಸುರಿ ಹೆಂಗಸರನ್ನ ಪ್ರತ್ಯೇಕವಾಗಿಡೋದು, ಊರೊಳಗೆ ಬಿಡದಿರೋದು ಅಪರಾಧ. ಆದರೆ ಕಾನೂನು ಗುಡಿಸಲ ತನಕ ನಡೆದುಹೋಗಬೇಕು. ನಡೆದುಹೋಗೋದು ಆಶಾ ಕಾರ್ಯಕರ್ತೆ, ಟೀಚರ್, ರಜೆಗೆ ಊರಿಗೆ ಬಂದ ನಿಮ್ಮಂಥವರು.

ಇಲ್ಲಿ ಎಪಿಸೋಡ್‌ಗೆ ವಾಪಸ್ ಬರೋಣ. ಮುದುಕಿ ಹತ್ತಿರ ಹೋದವರೆಲ್ಲ ಓಡಿದ್ದು ಯಾಕೆ ಅಂತ ನಾವು ತಲೆ ಕೆಡಿಸಿಕೊಳ್ತೀವಿ. ರೂಬಿ ಮಾತ್ರ ಬೇರೆ ದಾರಿ ಹಿಡಿದಳು. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯಲಿಲ್ಲ. ದೂರವನ್ನ ಅಳೆದಳು, ಅದರ ಜೊತೆ ಬದುಕಿದಳು, ಅದರಿಂದ ಒಂದು ಯುದ್ಧ ತಪ್ಪಿಸಿದಳು. ಸಾಯೋ ಹೊತ್ತಲ್ಲಿ ದೂರ ಇಲ್ಲವಾದಾಗ ಅಲ್ಲಿದ್ದದ್ದು ದೆವ್ವ ಅಲ್ಲ, ಅವಳೇ. ಆ ಕೈಸನ್ನೆಯೂ ಶಾಪ ಅಲ್ಲ. ತುಳೀಬೇಡ, ಕಾಲಡಿ ನೋಡು ಅನ್ನೋ ಎಚ್ಚರಿಕೆ. ನಾನಂತೂ ಹಾಗೇ ಓದ್ತೀನಿ.

"ವೃತ್ತ ತುಳಿಯದೇ ಇದ್ದರೆ ರೂಬಿ ಮುದುಕಿ ಆಗಿದ್ದು ಹೇಗೆ?" ಅಂತ ಲೆಕ್ಕ ಕೇಳಿದವರೂ ಇದ್ದಾರೆ. ಲೆಕ್ಕ ಕೂಡಲ್ಲ. ಆ ಬದುಕು ನಡೆದೂ ಅಳಿಸಿಹೋಯ್ತು, ಎಚ್ಚರಿಕೆ ಮಾತ್ರ ಉಳೀತು ಅಂದುಕೊಂಡರೆ ನನಗೆ ಸಾಕು. ನಮ್ಮ ಅಜ್ಜಿಯರೂ ಎಷ್ಟೋ ಕಷ್ಟ ಉಂಡು, ಅದರಲ್ಲಿ ಒಂದೇ ಒಂದು ಬುದ್ಧಿಮಾತು ನಮಗೆ ಉಳಿಸಿ ಹೋದವರೇ ಅಲ್ವಾ.

ಈ ವಾರ ನಿಮಗೊಂದು ಕೆಲಸ. ಎಪಿಸೋಡ್ ಇನ್ನೊಮ್ಮೆ ನೋಡಿ, ಸಾಧ್ಯವಾದರೆ ಅಮ್ಮನ ಜೊತೆ ಕೂತು. ಅವರ ಕಾಲದಲ್ಲಿ ಯಾರನ್ನ ಎಷ್ಟು ದೂರ ನಿಲ್ಲಿಸ್ತಿದ್ರು, ಅವರನ್ನೇ ಎಲ್ಲಿ ಕೂರಿಸ್ತಿದ್ರು ಅಂತ ಕೇಳಿ. ಹೇಳಿದ್ದನ್ನ ಬರೆದು ಕಳಿಸಿ, ಹೆಸರು ಹಾಕದೆ ಪ್ರಕಟಿಸ್ತೀವಿ. ನಿಮ್ಮೂರಾಚೆ ಈಗಲೂ ಅಂಥ ಗುಡಿಸಲಿದ್ದು, ಒಳಗೆ ಮಗು ಇದ್ದರೆ ಬರೆಯೋಕೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ನಾಳೆ ಮಾಡಿದರಾಯ್ತು ಅನ್ನಬೇಡಿ.