ಅರ್ಥವಾಗದ್ದು ಸೊನ್ನೆಯಲ್ಲ

ಲಿನಕ್ಸ್ ಕರ್ನಲ್‌ನ ಎಷ್ಟೋ ಸೆಟ್ಟಿಂಗ್‌ಗಳು ಸಿಸ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಪುಟ್ಟ ಫೈಲುಗಳ ರೂಪದಲ್ಲಿ ಕಾಣಿಸುತ್ತವೆ. ಅಲ್ಲಿ ಒಂದು ಸಂಖ್ಯೆ ಬರೆದರೆ ಸಾಧನದ ನಡವಳಿಕೆಯೇ ಬದಲಾಗಬಹುದು. ಆದರೆ ಬರೆದದ್ದು ಕರ್ನಲ್ಲಿಗೆ ತಲುಪುವುದು ಅಕ್ಷರಗಳ ಸಾಲಾಗಿ. ಅದನ್ನು ಸಂಖ್ಯೆಯಾಗಿಸುವ ಹೊಣೆ ಡ್ರೈವರ್ ಬರೆದವರದು. ಬಂದದ್ದು ಸಂಖ್ಯೆಯೇ ಅಲ್ಲದಿದ್ದರೆ? ಹೇಗೋ ಹೊಂದಿಸಿಕೊಳ್ಳಬೇಕೇ, ಆಗದು ಎನ್ನಬೇಕೇ?

ಹೊಂದಿಸಿಕೊಳ್ಳುವವರ ಬೆನ್ನಿಗೆ ದೊಡ್ಡ ಹೆಸರೊಂದಿದೆ. ಕಳಿಸುವಾಗ ಬಿಗಿಯಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ ಎಂಬ ಸೂತ್ರವನ್ನು 1980ರಲ್ಲಿ ಇಂಟರ್‌ನೆಟ್ಟಿಗೆ ಕೊಟ್ಟವರು ಜಾನ್ ಪೋಸ್ಟೆಲ್. ಕರ್ನಲ್‌ನಲ್ಲಿ ಅಕ್ಷರಗಳನ್ನು ಸಂಖ್ಯೆಯಾಗಿಸುವ ಹಳೆಯ ‘ಸಿಂಪಲ್_ಸ್ಟ್ರ್‌ಟೌಲ್’ ಫಂಕ್ಷನ್ನಿನದೂ ಅದೇ ಜಾಯಮಾನ. ‘12ಎಬಿಸಿ’ ಕೊಟ್ಟರೆ 12 ಎನ್ನುತ್ತದೆ, ಅಂಕಿಯೇ ಇಲ್ಲದಿದ್ದರೆ 0 ಎನ್ನುತ್ತದೆ, ಸಂಖ್ಯೆ ಮಿತಿ ಮೀರಿದರೆ ಮೇಲಿನ ಬಿಟ್‌ಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ.

ಇದು ಉದಾರತೆಯಲ್ಲ, ಊಹೆ. ಎಷ್ಟೋ ಸೆಟ್ಟಿಂಗ್‌ಗಳಲ್ಲಿ ಸೊನ್ನೆಗೆ ‘ಬಂದ್ ಮಾಡು’ ಎಂಬ ಅರ್ಥವಿರುತ್ತದೆ. ಕೈತಪ್ಪಿ ಒತ್ತಿದ ಒಂದು ಅಕ್ಷರ ಹೀಗೆ ಆಜ್ಞೆಯಾಗಿಬಿಡುತ್ತದೆ. ಚೆಕ್ಕಿನಲ್ಲಿ ಮೊತ್ತ ಸರಿಯಾಗಿ ಕಾಣದಿದ್ದರೆ ಬ್ಯಾಂಕಿನವರು ತಮಗೆ ತೋಚಿದಷ್ಟು ಹಣ ಕೊಡುವುದಿಲ್ಲ. ಕಾರಣ ಬರೆದು ಚೆಕ್ ವಾಪಸ್ ಮಾಡುತ್ತಾರೆ. ಕರ್ನಲ್ ಮಾಡಬೇಕಾದದ್ದೂ ಅಷ್ಟೆ.

2011ರಲ್ಲಿ ಬಂದ ‘ಕೆಸ್ಟ್ರ್‌ಟೌಲ್’ ಮತ್ತು ಅದರ ಬಳಗ ಈ ಶಿಸ್ತನ್ನು ಪಾಲಿಸುತ್ತವೆ. ಅವು ಹಿಂತಿರುಗಿಸುವುದು ಸಂಖ್ಯೆಯನ್ನಲ್ಲ, ಫಲಿತಾಂಶದ ಸಂಕೇತವನ್ನು: ಸರಿಯಿದ್ದರೆ 0, ಸಂಖ್ಯೆಯಲ್ಲದಿದ್ದರೆ ‘ಇಇನ್ವಾಲ್’ ಎಂಬ ತಪ್ಪಿನ ಸಂಕೇತ, ಮಿತಿ ಮೀರಿದರೆ ‘ಇರೇಂಜ್’. ಮನ್ನಿಸುವುದು ಕೊನೆಯ ಒಂದೇ ಒಂದು ಹೊಸಸಾಲಿನ ಚಿಹ್ನೆಯನ್ನು, ಏಕೆಂದರೆ ‘ಎಕೋ’ ಆಜ್ಞೆ ಅದನ್ನು ತಾನಾಗಿ ಸೇರಿಸುತ್ತದೆ. ಕಾರಣ ಗೊತ್ತಿರುವ ರಿಯಾಯಿತಿ ಇದು, ಹಾಗಾಗಿ ಒಪ್ಪತಕ್ಕದ್ದು.

ಒಳ್ಳೆಯ ಫಂಕ್ಷನ್ ಬಳಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಿ ಭಾಷೆಯಲ್ಲಿ ತಪ್ಪಿನ ಸುದ್ದಿ ತಾನಾಗಿ ಮೇಲಕ್ಕೇರುವುದಿಲ್ಲ. ದಾರಿಯ ಪ್ರತಿ ಫಂಕ್ಷನ್ನೂ ಅದನ್ನು ಹೊತ್ತು ದಾಟಿಸಬೇಕು. ಬಂದ ತಪ್ಪು ಯಾವುದೇ ಇರಲಿ ‘ಇಇನ್ವಾಲ್’ ಎಂದೇ ಹಿಂತಿರುಗಿಸುವವರು ‘ಸಂಖ್ಯೆ ದೊಡ್ಡದಾಯಿತು’ ಎಂಬ ಉಪಯುಕ್ತ ಸುಳಿವನ್ನು ಅಳಿಸುತ್ತಾರೆ. ಫೈಲಿಗೆ ಬರೆದದ್ದನ್ನು ಸ್ವೀಕರಿಸುವ ಡ್ರೈವರ್ ಫಂಕ್ಷನ್ ತಪ್ಪನ್ನು ನುಂಗಿ, ಎಲ್ಲ ಸರಿಯಿದ್ದಾಗಿನಂತೆ ಬರೆದ ಬೈಟುಗಳ ಲೆಕ್ಕ ಹಿಂತಿರುಗಿಸಿದರೆ ಅದು ಸುಳ್ಳು. ಅಲ್ಲಿ ಆ ಲೆಕ್ಕದ ಬದಲು 0 ಹಿಂತಿರುಗಿಸುವುದು ಇನ್ನೂ ಕೆಟ್ಟದ್ದು: ಏನೂ ಬರೆಯಲಾಗಲಿಲ್ಲ ಎಂದುಕೊಂಡ ಪ್ರೋಗ್ರಾಂ ಅದನ್ನೇ ಮತ್ತೆ ಮತ್ತೆ ಬರೆಯುತ್ತ ಕೂರಬಹುದು. ಕ್ರಮವೂ ಮುಖ್ಯ. ಎಲ್ಲ ಮೌಲ್ಯಗಳನ್ನೂ ಓದಿ, ಪರೀಕ್ಷಿಸಿ, ಆಮೇಲಷ್ಟೇ ಸಾಧನದ ಸ್ಥಿತಿ ಮುಟ್ಟಬೇಕು. ಇಲ್ಲದಿದ್ದರೆ ಮೊದಲರ್ಧ ಜಾರಿಯಾಗಿ, ಉಳಿದರ್ಧ ತಿರಸ್ಕೃತವಾಗಿ, ಯಾರೂ ಕೇಳದ ಸ್ಥಿತಿಯೊಂದು ಉಳಿಯುತ್ತದೆ.

ಬಿಗಿಯಾದರೆ ಹಳೆಯ ಸ್ಕ್ರಿಪ್ಟ್‌ಗಳು ಮುರಿಯುತ್ತವೆ ಎಂಬ ಆಕ್ಷೇಪ ನಿಜವೇ. ಬಳಕೆದಾರರ ಪ್ರೋಗ್ರಾಂಗಳನ್ನು ಕೆಡಿಸಬಾರದು ಎಂಬುದು ಲಿನಕ್ಸ್‌ನಲ್ಲಿ ಕಟ್ಟುನಿಟ್ಟಿನ ನಿಯಮ. ‘100ಎಂಎಸ್’ ಎಂದು ಬರೆಯುವವರನ್ನು ವರ್ಷಗಟ್ಟಲೆ ಒಪ್ಪಿಕೊಂಡ ಡ್ರೈವರ್ ಈಗ ಅವರನ್ನು ಬಾಗಿಲಲ್ಲೇ ತಡೆಯುವುದು ಕಷ್ಟ. ಆದರೆ ಈ ಆಕ್ಷೇಪ ಸಡಿಲಿಕೆಯನ್ನು ಸಮರ್ಥಿಸುವುದಿಲ್ಲ. ಒಮ್ಮೆ ಕೊಟ್ಟ ಸಡಿಲಿಕೆ ಕರಾರಾಗುತ್ತದೆ ಎಂದಷ್ಟೇ ಎಚ್ಚರಿಸುತ್ತದೆ. ಪೋಸ್ಟೆಲ್ ಸೂತ್ರವನ್ನು ಮರುಪರಿಶೀಲಿಸಿದ 2023ರ ಇಂಟರ್‌ನೆಟ್ ದಾಖಲೆ ಆರ್‌ಎಫ್‌ಸಿ 9413 ಕೂಡ ಸಹಿಸಿಕೊಂಡ ದೋಷಗಳು ಬೇರೂರುತ್ತವೆ ಎಂದೇ ವಾದಿಸುತ್ತದೆ.

ಹಾಗಾಗಿ ಬಿಗಿ ಇರಬೇಕಾದದ್ದು ಮೊದಲ ದಿನದಿಂದಲೇ. ತಪ್ಪು ಮಾಡಿದವನಿಗೆ ಮಾಡಿದ ಕ್ಷಣದಲ್ಲೇ ಕಾರಣಸಹಿತ ತಿಳಿದರೆ ತಿದ್ದಿಕೊಳ್ಳುವುದು ಒಂದು ಸಾಲಿನ ಕೆಲಸ. ಅದೇ ತಪ್ಪು ಸೊನ್ನೆಯ ವೇಷದಲ್ಲಿ ಒಳಹೊಕ್ಕರೆ, ಅದನ್ನು ಹುಡುಕುವ ಪಾಡು ಅದನ್ನು ಮಾಡದ ಇನ್ಯಾರದೋ ಆಗುತ್ತದೆ.